ಪೊರ್ಬುಗಳ ಒಂದೇ ಟೇಕು

ಕಳೆದ ವಾರ ನಾನು ಕಲಿಸುವ ಶಾಲೆಯ ಹಾಲ್‌ನ ಬಾಗಿಲು ತೆರೆದದ್ದೇ ಮಲ್ಲಿಗೆ ಪೌಡರಿನ ಪರಿಮಳ ಮುಖಕ್ಕೆ ಹೊಡೆಯಿತು. ಹುಡುಗಿಯರು ಯಾರಿಗೂ ಹೇಳದೆ ಒಂದು ಡಬ್ಬಿ ಪೌಡರನ್ನು ಸಿಮೆಂಟಿನ ನೆಲಕ್ಕೆ ಸುರಿದಿದ್ದರು. ಉಪಜಿಲ್ಲಾ ಕಲೋತ್ಸವದ ಗ್ರೂಪ್ ಡ್ಯಾನ್ಸಿಗೆ ಅಭ್ಯಾಸ ನಡೆಯುತ್ತಿದೆ. ತಿರುಗುವಾಗ ನೆಲ ಕಾಲನ್ನು ಹಿಡಿಯುತ್ತದೆ ಎಂಬುದು ಅವರ ದೂರು. ಬಯ್ಯಲೆಂದು ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟೆ. ನೆಲಕ್ಕೆ ಪೌಡರ್ ಹಾಕಿ ಕುಣಿಯುವ ಬುದ್ಧಿಯನ್ನು ನಮ್ಮ ಊರಿಗೆ ತಂದವರು ನಮ್ಮ ಪಕ್ಕದ ಮನೆಯ ಪೊರ್ಬುಗಳು...

ನಮ್ಮ ಕಡೆ ತುಳು ಮಾತಾಡುವವರು ಕೊಂಕಣಿ ಕ್ರೈಸ್ತ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಹಾಗೆ ನೋಡಿದರೆ ಊರಿನಲ್ಲಿ ಹತ್ತಾರು ಪೊರ್ಬುಗಳಿದ್ದರು. ಆದರೆ ಕಾಸರಗೋಡಿನ ಹತ್ತಿರದ ನಮ್ಮ ಸೀತಾಂಗೋಳಿ ಪೇಟೆಯಲ್ಲಿ ಇಳಿದು ಸಿನಿಮಾದ ಪೊರ್ಬುಗಳ ಮನೆ ಎಂದರೆ ಸಾಕು, ಆಟೋದವರು ಸೀದಾ ನಮ್ಮ ಓಣಿಗೆ ತಂದು ಬಿಡುತ್ತಿದ್ದರು. ಬಿಳಿ ಪ್ಯಾಂಟು, ಇಸ್ತ್ರಿ ಹಾಕಿದ ಅಂಗಿ, ಮನೆಯೊಳಗೂ ಬೂಟು. ಆ ಬೂಟು ನೋಡಿ ನನ್ನ ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಹಲಸಿನ ಹಣ್ಣು ಕೊಯ್ದ ದಿನ ಮೊದಲ ಪಾಲು ಹೋಗುತ್ತಿದ್ದುದು ಅವರ ಮನೆಗೇ.

ಮೀಸೆ ಚಿಗುರುವ ವಯಸ್ಸಿನಲ್ಲಿ ಬೊಂಬಾಯಿಗೆ ಹೋದವರು ಅವರು. ಇಂಗ್ಲಿಷ್ ಸಿನಿಮಾ ತೋರಿಸುವ ಥಿಯೇಟರೊಂದರಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವ ಕೆಲಸ ಸಿಕ್ಕಿತಂತೆ. ಹಾಲಿವುಡ್ಡಿನ ಹಾಡು ಕುಣಿತದ ಸಿನಿಮಾ ಬಂದರೆ ವಾರಗಟ್ಟಲೆ ಓಡುತ್ತಿತ್ತು. ಅಷ್ಟೂ ವಾರ ಇವರು ಗೋಡೆಗೆ ಒರಗಿ ನಿಂತು ಪ್ರತಿ ಆಟವನ್ನೂ ನೋಡುತ್ತಿದ್ದರು. ಅಂಥ ಸಿನಿಮಾ ಮಾಡುತ್ತಿದ್ದ ಡೈರೆಕ್ಟರುಗಳಲ್ಲಿ ಒಬ್ಬನನ್ನು ಇವರು ಗುರು ಎಂದು ಹಿಡಿದುಬಿಟ್ಟರು. ಹೆಸರು ಹೇಳುತ್ತಿರಲಿಲ್ಲ, 'ನಮ್ಮವ' ಎನ್ನುತ್ತಿದ್ದರು, ಅವನೇನೋ ಪ್ರತಿ ಭಾನುವಾರ ಪಕ್ಕದೂರು ಬೇಳದ ಇಗರ್ಜಿಗೆ ಬರುವವನ ಹಾಗೆ. ನಮ್ಮವ ಮೊದಲು ತಾನೇ ಕುಣಿಯುತ್ತಿದ್ದ, ಆಮೇಲೆ ಬೇರೆಯವರನ್ನು ಕುಣಿಸಿದ, ಆಮೇಲೆ ಸಿನಿಮಾವನ್ನೇ ಕುಣಿಸಿದ. ಜನರಿಗೆ ಹಾಡು ಕುಣಿತ ಸಾಕಾಗಿ ಬಂದೂಕಿನ ಸಿನಿಮಾ ಬೇಕಾದಾಗ ಕೆಲಸವಿಲ್ಲದೆ ಮನೆಯಲ್ಲಿ ಕೂತ. ಈ ಕತೆಯ ಕೊನೆಗೆ ಬರುವಾಗ ಪೊರ್ಬುಗಳ ಸ್ವರ ಇಳಿದುಹೋಗುತ್ತಿತ್ತು.

ಗುರುವಿನ ದಾರಿಯನ್ನೇ ಶಿಷ್ಯನೂ ಹಿಡಿದ. ಟಾರ್ಚ್ ಬಿಟ್ಟು ಹಿಂದಿ ಸಿನಿಮಾದಲ್ಲಿ ಗುಂಪಿನೊಳಗೆ ಕುಣಿದರು, ಡ್ಯಾನ್ಸ್ ಮಾಸ್ಟರರ ಅಸಿಸ್ಟೆಂಟ್ ಆದರು, ಹಾಡುಗಳನ್ನು ತಾವೇ ಚಿತ್ರಿಸಿದರು, ಕೊನೆಗೆ ಕೊಂಕಣಿಯಲ್ಲಿ ಹಾಡಿನ ಸಿನಿಮಾಗಳನ್ನೂ ಮಾಡಿದರು. ಹೆಸರು ಬರುತ್ತಿದೆ ಎನ್ನುವಾಗ ಎಲ್ಲ ಬಿಟ್ಟು ಊರಿಗೆ ಬಂದರು. ಯಾಕೆ ಬಂದರೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಊರು ಸುಮ್ಮನಿರುತ್ತದೆಯೇ? ಹೆಣ್ಣಿನ ವಿಷಯ ಎಂದರು, ಕುಡಿತ ಎಂದರು... ಪೊರ್ಬುಗಳು ಚಾ ಬಿಟ್ಟು ಬೇರೇನನ್ನೂ ಕುಡಿದದ್ದನ್ನು ನಾನು ಕಂಡವಳಲ್ಲ.

ಅವರ ಅಂಗಳಕ್ಕೆ ಸಿಮೆಂಟು ಹಾಕಿದ್ದು ಕಾಳುಮೆಣಸು ಒಣಗಿಸಲಿಕ್ಕೆಂದು. ಮೆಣಸು ಒಳಗೆ ಹೋದ ತಿಂಗಳುಗಳಲ್ಲಿ ಅದಕ್ಕೆ ಪೌಡರ್ ಹಾಕಿ ನಮಗೆ, ಓಣಿಯ ಹುಡುಗಿಯರಿಗೆ, ಡ್ಯಾನ್ಸ್ ಕಲಿಸುತ್ತಿದ್ದರು. ನಾನು ಆಗ ಪ್ಲಸ್ ಟೂ. ಅವರಲ್ಲಿ ಒಂದು ಕ್ರಮ ಇತ್ತು. ಹಾಡು ಶುರುವಾದರೆ ಮುಗಿಯುವ ತನಕ ಕ್ಯಾಮೆರಾ ನಿಲ್ಲಬಾರದು, ಕುಣಿಯುವವರ ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣಬೇಕು, ಎಲ್ಲಿಯೂ ಕತ್ತರಿ ಆಡಬಾರದು. ಮುಖ ಮಾತ್ರ ತೋರಿಸುವುದು ಪಾಸ್‌ಪೋರ್ಟ್ ಫೋಟೋ ತೆಗೆಯುವವರ ಕೆಲಸ ಎನ್ನುತ್ತಿದ್ದರು. ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು, ಒಂದೇ ಸಲ ತೆಗೆಯುವುದು. ಎರಡನೆಯ ಟೇಕು ಎಂಬ ಮಾತೇ ಅವರಲ್ಲಿ ಇರಲಿಲ್ಲ. ನಾವು ಅದನ್ನು ಅವರ ಜಂಬ ಎಂದು ತಿಳಿದಿದ್ದೆವು.

ಆ ವರ್ಷ ಶಾರ್ಜಾದಲ್ಲಿದ್ದ ನಮ್ಮ ಊರಿನವರೊಬ್ಬರಿಗೆ ಸಿನಿಮಾದ ಹುಚ್ಚು ಹತ್ತಿತ್ತು. ಮೊದಲು ಒಂದು ಹಾಡು ತೆಗೆಯುವುದು, ಅದು ಚೆನ್ನಾಗಿ ಬಂದರೆ ಪೂರ್ತಿ ಸಿನಿಮಾ ಎಂದು ಮಾತಾಯಿತು. ಹಾಡು ತುಳುವಿನಲ್ಲಿ, ರಾಗ ಕೊಂಕಣಿಯದು. ಜಾಗವನ್ನು ಪೊರ್ಬುಗಳೇ ಹುಡುಕಿದರು. ನಮ್ಮ ಹತ್ತಿರದ ಅನಂತಪುರದ ಕಡೆ, ಕೆಂಪುಕಲ್ಲು ಕಡಿದು ಬಿಟ್ಟುಹೋದ ಕೋರೆ. ಯಂತ್ರ ಕೊಯ್ದ ಗೋಡೆಗಳು ಒಂದರ ಮೇಲೊಂದು ಅಗಲವಾದ ಮೆಟ್ಟಿಲುಗಳಾಗಿ ನಿಂತಿದ್ದವು. ಹಾಲಿವುಡ್ಡಿನಲ್ಲಿ ನಮ್ಮವನಿಗೆ ಇಂಥ ಮೆಟ್ಟಿಲು ಕಟ್ಟಲು ಬಡಗಿಗಳ ಸೈನ್ಯವೇ ಬೇಕಾಗುತ್ತಿತ್ತು, ನಮಗೆ ಪುಕ್ಕಟೆ ಸಿಕ್ಕಿತು ಎಂದು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಅಭ್ಯಾಸ ಮುಗಿದ ಒಂದು ಸಂಜೆ ನನ್ನೊಡನೆ ಅಂದರು: "ಇದೊಂದು ಸರಿಯಾಗಿ ಆಗಬೇಕು ಮಗಾ. ಒಬ್ಬಳಿಗೆ ತೋರಿಸಲಿಕ್ಕೆ ಉಂಟು."

ನಾನು ಅದನ್ನು ಉಳಿದವರಿಗೆ ಹೇಳಿ, ಬೊಂಬಾಯಿಯ ಹಳೇ ಪ್ರೇಮ ಎಂದು ಎಲ್ಲರೂ ಸೇರಿ ಬಾಯಿಗೆ ಶಾಲು ಒತ್ತಿ ನಕ್ಕೆವು. ಆ ನಗು ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಶೂಟಿಂಗಿನ ದಿನ ಶಾಮಿಯಾನದವರಿಂದ ಸ್ಪೀಕರ್ ಬಂತು, ಮಂಗಳೂರಿನಿಂದ ಮದುವೆ ವೀಡಿಯೋ ತೆಗೆಯುವವನು ಕ್ಯಾಮೆರಾ ತಂದ. ಕೋರೆಯ ಮೇಲಿನ ಅಂಚಿನಲ್ಲಿ ಅರ್ಧ ಊರು ಕೂತಿತ್ತು. ಬಿಸಿಲು ಇಳಿದು ಕಲ್ಲು ಕೆಂಪಗೆ ಹೊಳೆಯುವ ಹೊತ್ತಿಗೆ ಪೊರ್ಬುಗಳು ಕೈ ಎತ್ತಿದರು. ನಾನು ಮೇಲಿನ ಮೆಟ್ಟಿಲಿನ ತುದಿಯವಳು; ನನ್ನ ಸಾಲಿನವರೆಲ್ಲ ನನ್ನನ್ನು ನೋಡಿ ಹೆಜ್ಜೆ ಹಾಕಬೇಕು. ಅಂಗಳದಲ್ಲಿ ಕಲಿತ ನಮಗೆ ಅಲ್ಲಿಗೆ ಬರುವವರೆಗೆ ಒಂದು ಸಂಗತಿ ಗೊತ್ತಿರಲಿಲ್ಲ. ಕೋರೆಯಲ್ಲಿ ಹಾಡು ಎರಡು ಸಲ ಕೇಳುತ್ತದೆ. ಸ್ಪೀಕರಿನಿಂದ ಬಂದದ್ದು ಒಂದು, ಎದುರಿನ ಕಲ್ಲಿಗೆ ಬಡಿದು ಹಿಂತಿರುಗಿದ್ದು ಇನ್ನೊಂದು. ಅದನ್ನು ಕಂಡುಕೊಂಡ ಪೊರ್ಬುಗಳು, ಕಿವಿಗೆ ಬಿದ್ದದ್ದಕ್ಕೆ ಕುಣಿಯಬೇಡಿ, ನನ್ನ ಕೈಗೆ ಕುಣಿಯಿರಿ ಎಂದು ಎಲ್ಲರಿಗೂ ಹೇಳಿದ್ದರು.

ಹಾಡಿನ ಕೊನೆಯ ಭಾಗದಲ್ಲಿ ನಾವು ಗೋಡೆಯ ಕಡೆ ತಿರುಗಬೇಕಿತ್ತು. ಅಲ್ಲಿ ಅವರ ಕೈ ಕಾಣುವುದಿಲ್ಲ, ಮನಸ್ಸಿನಲ್ಲೇ ಎಣಿಸಬೇಕು. ನಾನು ಎಣಿಸಿದೆ... ಎಣಿಸಿದೆ ಎಂದೇ ಅಂದುಕೊಂಡಿದ್ದೆ. ಆದರೆ ಕಲ್ಲಿಗೆ ಬಡಿದು ಬಂದ ತಾಳ ಕಿವಿಯ ಹತ್ತಿರವೇ ಕೇಳಿತು, ಕಾಲು ಅದನ್ನು ಹಿಡಿಯಿತು. ತಿರುಗಿದಾಗ ಕೆಳಗಿನ ಸಾಲು ಕಾಲು ಎತ್ತಿ ಆಗಿತ್ತು, ನಾವು ಇನ್ನೂ ಊರುತ್ತಿದ್ದೆವು. ನನ್ನ ಹಿಂದೆ ಇಡೀ ಸಾಲು ತಪ್ಪಿತು, ಹಾಡು ಮುಗಿಯುವವರೆಗೂ ಸರಿಯಾಗಲಿಲ್ಲ.

ಶಾರ್ಜಾದವರು ಕೆಟ್ಟವರಲ್ಲ. ಮರುದಿನ ಅವರಿಗೆ ವಿಮಾನ. ಸಮಾಧಾನದಲ್ಲೇ ಕೇಳಿದರು: "ಪೊರ್ಬುಗಳೇ, ಬೆಳಕು ಉಂಟಲ್ಲ. ಇನ್ನೊಂದು ತೆಗೆಯುವ."

"ಬೇಡ. ಮಕ್ಕಳಿಗೆ ಬಚ್ಚಿದೆ, ಸುಸ್ತಾಗಿದ್ದಾರೆ."

ನಾನು ಮೆಟ್ಟಿಲಿನಿಂದ ಧುಮುಕಿ ಅವರ ಎದುರು ಹೋಗಿ ನಿಂತೆ. "ಪೊರ್ಬುಗಳೇ, ತಪ್ಪಿದ್ದು ನಾನು. ನನಗೆ ಎಂತ ಬಚ್ಚಲಿಲ್ಲ. ಇನ್ನೊಂದು ಸಲ ಮಾಡುವ."

ಅವರ ಮುಖ ಬಿಳಿಚಿಕೊಂಡಿತು. ಸ್ಪೀಕರಿನ ಸ್ಟ್ಯಾಂಡನ್ನು ಹಿಡಿದುಕೊಂಡರು. ನಾನು ಮತ್ತೊಮ್ಮೆ ಕೇಳಿದೆ, ಕೈ ಹಿಡಿದು ಕೇಳಿದೆ. ಅವರು ಕೈ ಬಿಡಿಸಿಕೊಂಡು, ಎಲ್ಲ ಕಟ್ಟಿ ಎಂದು ಹೇಳಿ ಜೀಪಿನ ಕಡೆ ನಡೆದರು. ಮೇಲಿನಿಂದ ಯಾರೋ ಶಿಳ್ಳೆ ಹಾಕಿದರು.

ಮರುದಿನ ಬೆಳಿಗ್ಗೆ ನಾನು ಅಳುತ್ತ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದರು, ಕಾಲಿನಲ್ಲಿ ಬೂಟು ಇರಲಿಲ್ಲ. ಬೊಂಬಾಯಿಯ ವಿಷಯವನ್ನು ಅವರು ಬಾಯಿಬಿಟ್ಟದ್ದು ಆಗಲೇ. ಸ್ಟುಡಿಯೋದಲ್ಲಿ ಎತ್ತರದ ಮೆಟ್ಟಿಲುಗಳ ಸೆಟ್ ಹಾಕಿದ್ದರಂತೆ. ಮೇಲಿನ ಸಾಲಿನ ಹುಡುಗಿ ನನ್ನಷ್ಟೇ ದೊಡ್ಡವಳು. ಒಂದು ಟೇಕು ಕೆಟ್ಟಿತು, ಮತ್ತೆ ತೆಗೆದರು. ಆ ಸಲ ಅವಳು ಮೇಲಿನಿಂದ ಬಿದ್ದಳು. ಮಂಡಿ ಪುಡಿಯಾಯಿತು, ಮತ್ತೆ ಕುಣಿಯಲಿಲ್ಲ.

"ಇನ್ನೊಂದು ಸಲ ಅಂತ ಹೇಳಿದ್ದು ನಾನು," ಅಂದರು. "ಇದನ್ನು ಅವಳಿಗೆ ಕಳಿಸಲಿಕ್ಕೆ ಇತ್ತು ಮಗಾ. ಯಾರೂ ಬೀಳದೆ ಒಂದು ಮೆಟ್ಟಿಲಿನ ಡ್ಯಾನ್ಸ್ ಮಾಡಿದೆ ಅಂತ."

ಹಾಗಾದರೆ ತೆಗೆದದ್ದನ್ನೇ ಕಳಿಸಿ ಎಂದೆ. ಅವರು ತಲೆ ಅಲ್ಲಾಡಿಸಿದರು. "ಅವಳ ಕಣ್ಣು ಮೊದಲು ಕಾಲಿಗೇ ಹೋಗ್ತದೆ. ತಪ್ಪಿದ್ದನ್ನು ಅವಳಿಗೆ ಹೇಗೆ ತೋರಿಸುವುದು?"

ತಪ್ಪಿದ ಜಾಗದಲ್ಲಿ ಮುಖಗಳನ್ನು ಅಂಟಿಸಿ ಮುಚ್ಚುವ ಎಂದು ಶಾರ್ಜಾದಿಂದ ಫೋನ್ ಬಂತು. ಪೊರ್ಬುಗಳು ಒಪ್ಪಲಿಲ್ಲ. ಅಲ್ಲಿಗೆ ಹಾಡೂ ನಿಂತಿತು, ಸಿನಿಮಾವೂ ನಿಂತಿತು. ಹಠ ಮಾಡಿ ಹಾಳಾದರು ಎಂದು ಪೇಟೆಯಲ್ಲಿ ಆಡಿಕೊಂಡರು. ಮುಂದಿನ ವರ್ಷ ಮೆಣಸು ಒಳಗೆ ಹೋದ ಮೇಲೂ ಅಂಗಳಕ್ಕೆ ಪೌಡರ್ ಬೀಳಲಿಲ್ಲ.

ನಾನು ಕಾಸರಗೋಡಿಗೆ ಕಾಲೇಜಿಗೆ ಹೋಗತೊಡಗಿದೆ. ಬಸ್ಸಿಗೆ ಹೋಗಲು ಅವರ ಗೇಟಿನ ಮುಂದಿನ ದಾರಿ ಹತ್ತಿರ, ಗುಡ್ಡ ಬಳಸಿ ಹೋಗುವುದು ದೂರ. ನಾನು ಗುಡ್ಡ ಬಳಸಿಯೇ ಹೋಗುತ್ತಿದ್ದೆ. ಆಗ ನನ್ನ ಮನಸ್ಸಿಗೆ ಇದ್ದ ಸಮಾಧಾನ ಒಂದೇ. ಹೆಜ್ಜೆ ತಪ್ಪಿತು ನಿಜ, ಆದರೆ ಎಲ್ಲರ ಎದುರು ಒಪ್ಪಿಕೊಂಡೆ, ಸರಿಮಾಡಲು ತಯಾರಿದ್ದೆ, ಬೇಡವೆಂದದ್ದು ಅವರು. ಹೀಗೆ ಹೇಳಿಕೊಂಡು ಹೇಳಿಕೊಂಡು ನನ್ನೊಳಗೆ ಒಂದು ಸಣ್ಣ ಹೆಮ್ಮೆಯೂ ಬೆಳೆದಿತ್ತು.

ಅವರು ತೀರಿಕೊಂಡಾಗ ನಾನು ಆಗಷ್ಟೇ ಟೀಚರ್ ಆಗಿದ್ದೆ. ಇಗರ್ಜಿಯಲ್ಲಿ ಪೂಜೆ ಮುಗಿದು ಮಣ್ಣು ಹಾಕಿ ಹೊರಗೆ ಬರುವಾಗ ಬೆತ್ತದ ಕೋಲು ಹಿಡಿದ, ನರೆತ ಕೂದಲಿನ ಹೆಂಗಸೊಬ್ಬರು ನನ್ನನ್ನು ತಡೆದರು. ಒಂದು ಕಾಲು ಮಡಚುತ್ತಿರಲಿಲ್ಲ. ಮುಂಬಯಿಯಿಂದ ಬಂದವರು. ಕೊಂಕಣಿಯಲ್ಲಿ ಕೇಳಿದರು, ಪಕ್ಕದ ಮನೆಯ ದೆಸೆಯಿಂದ ಆ ಭಾಷೆ ನನಗೆ ಅರ್ಥವಾಗುತ್ತಿತ್ತು.

"ಕೋರೆಯಲ್ಲಿ ಕುಣಿದ ಹುಡುಗಿ ನೀನಾ?"

ನಾನು ತಲೆ ಬಗ್ಗಿಸಿದೆ. ಪೊರ್ಬುಗಳು ಫೋನಿನಲ್ಲಿ ನನ್ನ ವಿಷಯ ಹೇಳಿದ್ದರಂತೆ, ಇಲ್ಲಿ ಒಬ್ಬಳು ಉಂಟು, ಥೇಟ್ ನಿನ್ನ ಹಾಗೆ ಎಂದು. ನನ್ನಿಂದ ತಪ್ಪಾಯಿತು ಬಾಯಮ್ಮ, ಅದು ನಿಮಗೆ ಕಳಿಸಲಿಕ್ಕೆಂದು ಮಾಡಿದ್ದಾಗಿತ್ತು ಎಂದೆ. ಅವರು ನನ್ನ ಬೆನ್ನಿನ ಮೇಲೆ ಕೈಯಿಟ್ಟರು.

"ತಪ್ಪಿದ್ದಾದರೂ ಕಳಿಸಿದ್ದರೆ ನನಗೆ ಸಾಕಿತ್ತು. ನಾನು ಹೇಳಿದ್ದನ್ನು ಅವರು ಎಲ್ಲಿ ಕೇಳಿದರು ಹೇಳು? ಅವತ್ತು ಸ್ಟುಡಿಯೋದಲ್ಲಿ ಸಾಕು ಅಂದವರು ಅವರು. ಹೆಜ್ಜೆ ತಪ್ಪಿದ್ದು ನಾನು, ಇನ್ನೊಂದು ಸಲ ಮಾಡುವ ಅಂತ ಕೈ ಹಿಡಿದು ಹಠ ಮಾಡಿದವಳೂ ನಾನು. ಅವರು ಹೂಂ ಅಂದರು, ಅಷ್ಟೆ. ಆದರೆ ಜೀವನಪೂರ್ತಿ ಅವರದ್ದು ಒಂದೇ ಮಾತು, ನಾನೇ ಹೇಳಿದ್ದು, ನಾನೇ ಹೇಳಿದ್ದು..."

ಮತ್ತೆ ಅವರೇನು ಹೇಳಿದರೋ ನನಗೆ ನೆನಪಿಲ್ಲ. ನಾನು ಕೋರೆಯಲ್ಲಿದ್ದೆ. ಹೆಜ್ಜೆ ತಪ್ಪಿದ ಹುಡುಗಿ ಮೆಟ್ಟಿಲಿನಿಂದ ಇಳಿದು ಬಂದು ಎದುರು ನಿಲ್ಲುತ್ತಾಳೆ, ಕೈ ಹಿಡಿಯುತ್ತಾಳೆ, ಅದೇ ಮಾತು ಹೇಳುತ್ತಾಳೆ. ಇಷ್ಟು ವರ್ಷ ನಾನು ಹೆಮ್ಮೆಪಟ್ಟುಕೊಂಡದ್ದು ಯಾವುದಕ್ಕೋ, ಅದೇ ಅವರಿಗೆ ತಾಗಿದ್ದು. ಹೆಜ್ಜೆ ತಪ್ಪಿದ್ದನ್ನಾದರೂ ಅವರು ಸಹಿಸಿಕೊಳ್ಳುತ್ತಿದ್ದರೇನೋ. ಗೊತ್ತಿಲ್ಲದೆ ಆಡಿದ ಮಾತು ಅಂತ ಗಂಡ ಹೇಳುತ್ತಾರೆ, ಅಮ್ಮ ಹೇಳುತ್ತಾಳೆ. ಹೌದು, ಗೊತ್ತಿರಲಿಲ್ಲ. ಆದರೆ ಅವರ ಮುಖ ಬಿಳಿಚಿದ್ದು ನನಗೆ ಕಂಡಿತ್ತು. ಕಂಡ ಮೇಲೂ ಎರಡನೆಯ ಸಲ ಕೇಳಿದೆ. ಗೊತ್ತಾದ ಮೇಲೆ ಒಂದು ಮಾತು ಆಡೋಣವೆಂದರೆ ಅವರು ಮಣ್ಣಿನಡಿಯಲ್ಲಿದ್ದರು. ಗುಡ್ಡ ಬಳಸಿ ಓಡಾಡಿದ ಆ ಎಲ್ಲ ವರ್ಷ ಅವರು ಜಗಲಿಯಲ್ಲೇ ಕೂತಿದ್ದರು.

ಕಳೆದ ವಾರ ಹುಡುಗಿಯರು ಶಾಲೆಯ ಹಾಲ್‌ನಲ್ಲಿ ಪೂರ್ತಿ ಡ್ಯಾನ್ಸ್ ಮಾಡಿ ತೋರಿಸಿದರು. ಚೆನ್ನಾಗಿಯೇ ಇತ್ತು, ಕೊನೆಗೆ ಒಬ್ಬಳು ತಪ್ಪಿದಳು. ಸಾಕು, ನೀರು ಕುಡಿಯಿರಿ ಎಂದೆ. ಅವಳು ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದಳು.

"ಟೀಚರೇ, ತಪ್ಪಿದ್ದು ನಾನು. ಇನ್ನೊಂದು ಸಲ ಮಾಡುವ, ಪ್ಲೀಸ್."

ನಾನು ಬೇಡವೆನ್ನಲಿಲ್ಲ. ಹಾಡು ಹಾಕಿದರು. ನಾನು ಕುರ್ಚಿಯ ಕೈ ಹಿಡಿದು ಬರೀ ಅವಳ ಕಾಲುಗಳನ್ನು ನೋಡುತ್ತ ಕೂತೆ. ಪೌಡರಿನ ಮೇಲೆ ಕಾಲು ಜಾರಿತು, ನಿಂತಿತು, ತಿರುಗಿತು. ಹಾಡು ಮುಗಿಯಿತು. ಯಾರೂ ಬೀಳಲಿಲ್ಲ, ಯಾರೂ ತಪ್ಪಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದುಕೊಂಡು ನೀರಿನ ನಳ್ಳಿಯ ಹತ್ತಿರ ಓಡಿದರು.

ಆ ಸಂಜೆ ಕೋರೆಯಲ್ಲಿ ನಮಗೂ ಏನೂ ಆಗುತ್ತಿರಲಿಲ್ಲ, ಪೊರ್ಬುಗಳೇ.