ಗಾಲಿಗೆ ಕೊಟ್ಟ ಕಲ್ಲು

ಸಿಂದಗಿಯಿಂದ ಯಂಕಂಚಿಯ ಶಾಲೆಗೆ ಶಿಕ್ಷಕಿಯರಾದ ನಮ್ಮನ್ನು ಒಯ್ಯುತ್ತಿದ್ದ ಡ್ರೈವರ್ ಕಾಕಾ, ತನ್ನ ಹಳೆಯ ವ್ಯಾನು ನಿಂತಲ್ಲೆಲ್ಲ ಮೊದಲು ತಾನಿಳಿದು ಗಾಲಿಗೊಂದು ಕಲ್ಲು ಕೊಡುತ್ತಿದ್ದ. “ಓಡೂದು ದೊಡ್ಡದಲ್ರಿ, ನಿಲ್ಲಬೇಕ್ರಿ,” ಎನ್ನುತ್ತ ಸೊಂಟ ಹಿಡಿದುಕೊಂಡು ಏಳುತ್ತಿದ್ದ. ಆ ಕಲ್ಲು ಸದಾ ಅವನ ಸೀಟಿನ ಕೆಳಗೇ ಇರುತ್ತಿತ್ತು.

ಗಾಡಿ ಓಡಿಸಲು ಯೋಗ್ಯವೇ ಎಂದು ನೋಡುವ ಪಾಸಿಂಗ್ ಇದ್ದ ದಿನ ಮಾತ್ರ, ಆರ್‌ಟಿಓ ಸಾಹೇಬರ ಕಣ್ಣಿಗೆ ಬೀಳದಿರಲೆಂದು ಕಲ್ಲನ್ನು ಶಾಲೆಯ ಗೇಟಿನ ಬಳಿ ಇಳಿಸಿ ಹೋದ. ಹ್ಯಾಂಡ್‌ಬ್ರೇಕ್ ಬಿಗಿ ಮಾಡಿಸಿದ್ದ, ಗಾಡಿ ಪಾಸಾಯಿತು. ಸಂಜೆ ನಮ್ಮನ್ನು ಕರೆದೊಯ್ಯಲು ಬಂದವನು ಇಳಿದವನೇ ಹುಡುಕಿದ್ದು ಆ ಕಲ್ಲನ್ನು.

“ಪಾಸಾತಲ್ರಿ ಕಾಕಾ, ಇನ್ಯಾಕ ಇದು?” ಎಂದೆ.

ಮಣ್ಣು ಒರೆಸಿ ಅದನ್ನು ಸೀಟಿನ ಕೆಳಗೆ ತಳ್ಳಿದ. “ಪಾಸ್ ಮಾಡಿದವ್ರು ಇದರಾಗ ಕೂಡೂದಿಲ್ರಿ ಅಕ್ಕೋರ,” ಎಂದ. “ನೀವು ಕೂಡ್ತೀರಿ.”