ಎಡಗಡೆ ಹಿಂಬಾಗಿಲಿನ ಹಿಡಿ

ಕಾರಿನ ಸೀಟು ಹಸಿರಾಗಿತ್ತು, ಅಥವಾ ಆ ಬಣ್ಣವನ್ನೂ ನಾನೇ ಆಮೇಲೆ ನೆನಪಿಗೆ ಹಚ್ಚಿಕೊಂಡಿರಬಹುದು. ಬಿಸಿಲಿಗೆ ಕಾದ ರೆಕ್ಸಿನ್ ತೊಡೆಗೆ ಅಂಟಿದ್ದು, ಕಿಟಕಿಯಾಚೆ ತೊಗರಿ ಹೊಲ ಓಡಿದ್ದು, ಸ್ಟೇರಿಂಗ್ ಹಿಡಿದ ಅಪ್ಪ ತಿರುಗಿ ನೋಡದೆಯೇ ನಕ್ಕಿದ್ದು ಎಲ್ಲ ನೆನಪಿದೆ. ಹಿಂದೆ ಕೂತವನಿಗೆ ಮುಂದಿನವನ ನಗು ಹೇಗೆ ಕಂಡಿತೋ ಏನೋ.

ಅಪ್ಪ ಔರಾದಿನ ಸಾಹುಕಾರರೊಬ್ಬರ ಡ್ರೈವರ್. ಅವರ ಕಾರಿನಲ್ಲಿ ನಾವು ಕೂರುವಂತಿರಲಿಲ್ಲ. ಒಂದೇ ಒಂದು ಮಧ್ಯಾಹ್ನ, ಸಾಹುಕಾರರು ಊರಲ್ಲಿಲ್ಲದಾಗ, ನನ್ನನ್ನೂ ಅಕ್ಕನನ್ನೂ ಹಿಂದೆ ಕೂರಿಸಿಕೊಂಡು ಠಾಣಾ ಕುಶನೂರಿನವರೆಗೆ ಹೋಗಿ ಬಂದ. ನಲವತ್ತು ವರ್ಷದಿಂದ ಈ ಕಥೆಯನ್ನು ಹೀಗೇ ಹೇಳುತ್ತಿದ್ದೇನೆ.

ಐವತ್ತೊಂದನೆಯ ವಯಸ್ಸಿನಲ್ಲಿ ಆ ಕಾರು ಸಿಕ್ಕಿತು. ಸಾಹುಕಾರರ ಮೊಮ್ಮಗನ ಹೊಲದ ಶೆಡ್ಡಿನಲ್ಲಿ ಕೋಳಿಗಳ ವಶದಲ್ಲಿತ್ತು.

"ನಮ್ಮಪ್ಪ ಹೊಡೀತಿದ್ದ ಗಾಡಿ ಇದಽ ಏನ್ರಿ?" ಎಂದೆ.

"ಅಜ್ಜಾವರು ಒಂದೇ ನಮೂನಿ ಎರಡು ಗಾಡಿ ಇಟ್ಟಿದ್ರು. ಇದು ಯಾವುದೋ ಒಂದು. ಒಯ್ರಿ. ಕೋಳಿ ಮಾತ್ರ ಬಿಟ್ಟು ಹೋಗ್ರಿ," ಎಂದ.

ಟ್ರ್ಯಾಕ್ಟರಿಗೆ ಕಟ್ಟಿ ಬೀದರಿಗೆ ಎಳೆದು ತಂದೆವು. ಎಂಜಿನ್ನು ಮೆಕ್ಯಾನಿಕ್ಕಿನ ಪಾಲು, ಉಳಿದದ್ದೆಲ್ಲ ನನ್ನದು. ಅಲ್ಲಿಯವರೆಗೆ ಸೈಕಲ್ಲಿನ ಚೈನೂ ಏರಿಸಿದವನಲ್ಲ. ಮೊದಲ ಬೋಲ್ಟು ಬಿಚ್ಚಿದ ದಿನ ಅದನ್ನು ಅಡುಗೆಮನೆಗೆ ಒಯ್ದು ಹೆಂಡತಿಗೆ ತೋರಿಸಿದೆ.

"ಛಲೋ ಅದ. ನಳ ಸೋರ್ಲಿಕ್ಕೆ ಹತ್ತಿ ಮೂರು ತಿಂಗಳಾಯ್ತು. ಅದಕೂ ಒಂದು ಬೋಲ್ಟು ಇರತದ್ರಿ," ಎಂದಳು.

ನಳ ಸೋರುತ್ತಲೇ ಇತ್ತು. ನಾನು ಆಫೀಸಿನಲ್ಲಿ ಫೈಲು ಬಿಡಿಸುವಾಗಲೂ ಬೆರಳುಗಳು ಸ್ಪಾನರ್ ತಿರುವುತ್ತಿದ್ದವು. ಖುಷಿ ತಡೆಯಲಾರದೆ ಭಾಲ್ಕಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ: ನಾವಿಬ್ಬರೂ ಕೂತ ಕಾರು ಸಿಕ್ಕಿದೆ.

"ಇಬ್ಬರು ಎಲ್ಲಿ ಇದ್ದಿವೋ ತಮ್ಮಾ? ನಿನಗ ದಡಾರ ಬಂದಿತ್ತು. ಬೇವಿನ ತಪ್ಪಲದ ಮ್ಯಾಲ ಮಲಗಿದ್ದಿ. ನಾ ಬಂದು ಹೇಳಿದ್ದೆಲ್ಲಾ ನಿಂದು ಮಾಡಿಕೊಂಡಿ."

"ನಾನೂ ಇದ್ದೆ."

"ಹಂಗಾದ್ರ ಎಡಗಡಿ ಹಿಂಬಾಗಲಕ್ಕ ಗ್ಲಾಸು ತಿರುವೋ ಹಿಡಿ ಅದ ನೋಡು. ಪಿನ್ನಿಲೆ ಗೀಟು ಹೊಡದೀನಿ. ಒಂದಽ. ನೀ ಇದ್ದಿದ್ರ ನೀನೂ ಒಂದು ಹೊಡೀಲಾರದ ಬಿಡ್ತಿದ್ದೇನು?"

ಈ ಮಾತು ನಿಜ. ಅಕ್ಕ ಮಾಡಿದ್ದನ್ನೆಲ್ಲ ಮಾಡದೆ ಬಿಟ್ಟವನಲ್ಲ ನಾನು. ಎರಡು ಗೀಟಿದ್ದರೆ ಅಪ್ಪನ ಹಿಂದೆ ನಾನೂ ಕೂತಿದ್ದೆ. ಒಂದೇ ಇದ್ದರೆ ನನ್ನ ಬಾಲ್ಯದ ಅತಿ ಒಳ್ಳೆಯ ಮಧ್ಯಾಹ್ನ ಅಕ್ಕನದು.

ಹಿಡಿಯ ಮೇಲೆ ಸುಣ್ಣ, ಗ್ರೀಸು, ಕೋಳಿಯ ಹಿಕ್ಕೆ ಕಲ್ಲಿನಂತೆ ಕೂತಿದ್ದವು. ಬೀದರಿನ ಮೈಲೂರು ಬಡಾವಣೆಯ ನಮ್ಮ ಓಣಿಯಲ್ಲಿ ಬಿದರಿ ಕೆಲಸದ ಹಿರಿಯರೊಬ್ಬರಿದ್ದಾರೆ. ಕೆರೆಯಬೇಡಿ, ಗೀಟು ಹೋದೀತು ಎಂದು ಬೇಡಿಕೊಂಡು ಹಿಡಿಯನ್ನು ಅವರ ಕೈಗಿತ್ತೆ. ಮರುದಿನ ಬೆಳಿಗ್ಗೆ ಅವರು ಕೈ ಬೆನ್ನ ಹಿಂದೆ ಇಟ್ಟುಕೊಂಡೇ ಬಂದರು.

"ಸರ್, ಒಂದು ಗಲತ್ ಆಗ್ಯಾದ್ರಿ. ಕೆರಿಬ್ಯಾಡ ಅಂದ್ರಿ, ಕೆರೀಲಿಲ್ಲ. ಬೆಚ್ಚಗ ಮಾಡಿ ತೊಳದೆ. ನೋಡಿದ್ರ ಒಳಗ ಜಸ್ತ. ಜಸ್ತ ಕಂಡ ಕೂಡ್ಲೆ ಕೈ ಮಣ್ಣಿಗಿ ಹೋಯ್ತು. ಆದತ್ ಅದ."

ಜಸ್ತ ಎಂದರೆ ಸತು, ಆದತ್ ಎಂದರೆ ರೂಢಿ. ಬಿದರಿ ಪಾತ್ರೆಯ ಸತುವನ್ನು ಕಪ್ಪಾಗಿಸಲು ಇಲ್ಲಿ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕುತ್ತಾರೆ. ಅದರಲ್ಲಿ ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನನ್ನ ಹಿಡಿಗೂ ಅದೇ ಆಗಿತ್ತು: ಕ್ರೋಮ್ ಇದ್ದಲ್ಲಿ ಹೊಳಪು, ಕ್ರೋಮ್ ಹೋದಲ್ಲಿ ಕಪ್ಪು. ಆ ಹೊಳಪಿನ ನಡುವೆ, ಮಸಿ ಹಿಡಿದ ಕೂದಲಿನಂತೆ, ಒಂದು ಕಪ್ಪು ಗೀಟು ಎದ್ದು ಬಂದಿತ್ತು. ಪಕ್ಕದಲ್ಲೇ ತೊಗರಿ ಕಾಳಿನಷ್ಟು ಕ್ರೋಮ್ ಎದ್ದುಹೋಗಿ ಕಪ್ಪು ಕಲೆ.

ಕಾರು ಅದೇ! ನಾನು ಅವರನ್ನು ತಬ್ಬಿಕೊಂಡು ಅಂಗಳದಲ್ಲೇ ಒಂದು ಸುತ್ತು ತಿರುಗಿದೆ.

"ಸಿಟ್ಟಿಲ್ಲೇನ್ರಿ?"

"ಉಳಿದ ಮೂರು ಹಿಡಿನೂ ಹಿಂಗಽ ಮಾಡ್ರಿ."

ಕಾರು ಓಡುವಂತಾದ ಭಾನುವಾರವೇ ಭಾಲ್ಕಿಗೆ ಹೊರಟೆವು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್ ಹೊಡೆಯುತ್ತಿತ್ತು. ವಯರ್ ಜೋಡಿಸಿದ್ದು ನಾನು. ಆ ರಸ್ತೆಗೆ ಅಷ್ಟೊಂದು ಎಡ ತಿರುವುಗಳಿವೆ ಎಂದು ಗೊತ್ತಿರಲಿಲ್ಲ. ಎಮ್ಮೆಗಳು ದಾರಿ ಬಿಟ್ಟವು, ಬಸ್ಸು ದಾರಿ ಬಿಟ್ಟಿತು. ಮೊದಮೊದಲು ಕೈಯಾಡಿಸಿ ಎಲ್ಲರ ಕ್ಷಮೆ ಕೇಳುತ್ತಿದ್ದ ಹೆಂಡತಿ, ಹಲಬರ್ಗಾ ದಾಟುವ ಹೊತ್ತಿಗೆ ಮಂತ್ರಿಯಂತೆ ನಮಸ್ಕಾರ ಮಾಡುತ್ತಿದ್ದಳು.

ಅಕ್ಕ ಯಾರ ಮಾತಿಗೂ ಕಾಯದೆ ಎಡಗಡೆ ಹಿಂದೆ ಹತ್ತಿ ಕೂತಳು. ಹಿಡಿಯ ಮೇಲೆ ಬೆರಳಾಡಿಸಿದಳು.

"ಇದು ನಂದು," ಎಂದಳು.

ನಾನು ಕಲೆಯನ್ನು ತೋರಿಸಿದೆ. "ಇದು ನಂದು."

"ಅದು ಸಿಪ್ಪಿ ಎದ್ದದ್ದು."

"ಗೀಟು ಹೊಡದಲ್ಲಿಂದಽ ಸಿಪ್ಪಿ ಏಳತದ ಅಕ್ಕಾ."

"ಬಂದ ನೋಡು ದೊಡ್ಡ ಮೆಕ್ಯಾನಿಕ್. ಗಾಡಿ ಹೊಡಿ. ಕುಶನೂರಿಗಿ."

ಹೊಡೆದೆ. ಊರು ದಾಟುವ ಎಡ ತಿರುವಿನಲ್ಲಿ ಹಾರ್ನ್ ಒಂದೇ ಸಮ ಬಾರಿಸಿತು, ನನಗೆ ನಗು ತಡೆಯಲಿಲ್ಲ.

"ಅಪ್ಪನೂ ಹಿಂಗಽ," ಎಂದಳು ಅಕ್ಕ ಹಿಂದಿನಿಂದ. "ನಕ್ಕಾಗ ಕಿವಿ ಎರಡೂ ಮ್ಯಾಲ ಹೋಗ್ತಿದ್ವು. ನಿನಗ ನೆನಪಿರಬೇಕಲ್ಲ, ನೀನೂ ಇದ್ದವ."

ನನ್ನ ನೆನಪಿನಲ್ಲಿ ಹಸಿರು ಸೀಟಿದೆ, ತೊಗರಿ ಇದೆ, ನಗುವಿದೆ. ಹಿಂದಿನಿಂದ ಕಾಣಬೇಕಿದ್ದ ಕಿವಿಗಳಿಲ್ಲ. ಕ್ರೋಮಿಲ್ಲದ ಆ ತೊಗರಿ ಕಾಳಿನಷ್ಟು ಜಾಗದಲ್ಲಿ ಹಿಂದೆ ಗೀಟೊಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.