ಸೀರೆ ಉಟ್ಟು ಮೀನು ಕೊಂಡ ದಿನ

ನಮ್ಮ ಮನೆಯಲ್ಲಿ ಮೀನು ಸಾರಿಗೆ ಬೀಳುವ ಮೊದಲು ಚಿತ್ರಕ್ಕೆ ಬೀಳಬೇಕು. ಇದು ನನ್ನ ಮೊಮ್ಮಗಳು ರೆನಿಟಾ ಮಾಡಿದ ಕಾನೂನು. ನಾನು ಮೆಟ್ಟುಗತ್ತಿಯ ಮುಂದೆ ಕೂತರೆ ಸಾಕು, ಓಡಿ ಬರುತ್ತಾಳೆ: "ಮಾಯ್, ಒಂದೇ ನಿಮಿಷ, ಬಾಲ ಕತ್ತರಿಸ್ಬೇಡಿ." ಮಾಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಜ್ಜಿ. ಅವಳ ಒಂದು ನಿಮಿಷ ಮುಗಿಯುವಾಗ ನೊಣಗಳು ಊಟ ಮುಗಿಸಿ ಕೈತೊಳೆದಿರುತ್ತವೆ.

ಅವಳು ಪುಸ್ತಕಕ್ಕೆ, ಬಿಸ್ಕತ್ತಿನ ಡಬ್ಬಕ್ಕೆ, ಮದುವೆ ಕಾಗದಕ್ಕೆ ಚಿತ್ರ ಬಿಡಿಸಿ ಕೊಡುವವಳು. ಆಫೀಸಿಲ್ಲ, ಯಜಮಾನನಿಲ್ಲ. ಇಗರ್ಜಿಯಲ್ಲಿ ಕೇಳುತ್ತಾರೆ, "ರೆನಿ ಈಗ ಎಂತ ಮಾಡ್ತಾಳೆ?" ಚಿತ್ರ ಮಾಡ್ತಾಳೆ ಎನ್ನುತ್ತೇನೆ. "ಅದಲ್ಲ, ಕೆಲಸ ಎಂತ?" ನನ್ನ ತಂಗಿಯ ಮೊಮ್ಮಕ್ಕಳು ಕುವೈತಿನಲ್ಲಿ ನರ್ಸುಗಳು. ತಂಗಿಗೆ ಒಂದೇ ಮಾತಿನಲ್ಲಿ ಮುಗಿಯುತ್ತದೆ. ನನಗೇ ಅರ್ಥವಾಗದ್ದನ್ನು ನಾನು ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ವಿವರಿಸಬೇಕು.

ಸ್ಫೂರ್ತಿ ಎಂಬುದೊಂದು ಬರಬೇಕಂತೆ, ಬಂದರೆ ಮಾತ್ರ ಕೆಲಸವಂತೆ. ನಾನು ಐದನೆಯ ಕ್ಲಾಸು ಓದಿ, ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಹಂಚು ಹೊತ್ತವಳು. ಅಲ್ಲಿ ಬರುತ್ತಿದ್ದುದು ಸೈರನ್ ಮಾತ್ರ. ಅದಕ್ಕೇ ಕೈ ಓಡುತ್ತಿತ್ತು. ಇವಳಿಗೆ ಕಂಪೌಂಡಿನ ಪಾಚಿಯಿಂದ ಬರುತ್ತದೆ, ಹಲಸಿನ ಸಿಪ್ಪೆಯಿಂದ ಬರುತ್ತದೆ, ನನ್ನ ಹಿಮ್ಮಡಿಯ ಬಿರುಕಿನಿಂದಲೂ ಬರುತ್ತದೆ. ಒಮ್ಮೆ ಆ ಬಿರುಕಿನ ಫೋಟೋ ತೆಗೆದು ಒಂದು ನದಿಯನ್ನೇ ಮಾಡಿದಳು. ನಾನು ಮುಲಾಮು ಹಚ್ಚಲು ಹೋದರೆ, "ಈಗ ಬೇಡ ಮಾಯ್, ಉಪನದಿ ಬಾಕಿ ಉಂಟು" ಎಂದಳು. ಇಂಥವಳನ್ನು ಏನು ಮಾಡುವುದು, ನೀವೇ ಹೇಳಿ.

ಹೀಗಿರುವಾಗ ಅವಳಿಗೆ ಒಂದು ಮಕ್ಕಳ ಪುಸ್ತಕ ಸಿಕ್ಕಿತು. ಕತೆ ಬೇರೆ ಯಾರದೋ: ಅಜ್ಜಿಯೊಬ್ಬಳು ಗೇಟಿನಲ್ಲಿ ಮೀನು ಕೊಳ್ಳುತ್ತಾಳೆ, ಬೆಕ್ಕು ಕದಿಯುತ್ತದೆ. ಚಿತ್ರ ಇವಳದು. ಮುಖಪುಟದ ಮೇಲೆ ಇವಳ ಹೆಸರು ಬರುತ್ತದೆಂದು ಮಾತಾಗಿತ್ತು. ಅಲ್ಲಿಯವರೆಗೆ ಯಾವ ಡಬ್ಬದ ಮೇಲೂ ಅವಳ ಹೆಸರು ಬಂದದ್ದಿಲ್ಲ. ಆ ಒಂದು ಸಾಲಿಗಾಗಿ ಎರಡು ತಿಂಗಳು ನಿದ್ದೆಗೆಟ್ಟಳು. ಕೊನೆಗೆ ನನಗೆ ತೋರಿಸಿದರೆ ಏನು? ನಾನು! ಮಾಸಿದ ನೈಟಿ, ಹೆಗಲಿಗೊಂದು ಮೈ ಒರೆಸುವ ಬೈರಾಸು, ಸೊಂಟದ ಮೇಲೆ ಕೈ.

"ಕಪಾಟಿನಲ್ಲಿ ಹದಿನೆಂಟು ಸೀರೆ ಉಂಟು. ನಿನಗೆ ಇದೇ ಕಂಡದ್ದಾ?" ಎಂದು ಕೂಗಾಡಿದೆ.

ಮರುದಿನ ಪ್ರಕಾಶನದ ಮೇಡಂ ಫೋನು ಮಾಡಿದರು. "ಅಜ್ಜಿ ಅಂದ್ರೆ ಸೀರೆ ಬೇಕಲ್ವಾ ರೆನಿಟಾ? ಶುಕ್ರವಾರದೊಳಗೆ ಬದಲಾಯಿಸಿ. ಇಲ್ಲಾಂದ್ರೆ ಬೇರೆ ಕಲಾವಿದರಿಗೆ ಕೊಡ್ಬೇಕಾಗತ್ತೆ."

ಕಲಿತ ಹೆಂಗಸೊಬ್ಬಳು ನನ್ನ ಪಕ್ಷ ಹಿಡಿದದ್ದು ಅದೇ ಮೊದಲು. ನಾನು ಗೆದ್ದೆ ಎಂದುಕೊಂಡೆ. ರೆನಿಟಾ ಅಳಲಿಲ್ಲ, ಉಗುರು ಕಚ್ಚಿದಳು. ಹತ್ತು ಸೀರೆಯಜ್ಜಿಯರನ್ನು ಬಿಡಿಸಿ ಹತ್ತನ್ನೂ ಅಳಿಸಿದಳು. "ನಾನೇ ಉಟ್ಟು ನಿಲ್ತೇನೆ, ನೋಡಿ ಮಾಡು" ಎಂದೆ.

ಇಲ್ಲಿ ನಮ್ಮ ಊರಿನ ಶಾಸ್ತ್ರ ಸ್ವಲ್ಪ ಹೇಳಬೇಕು. ಅಂಗಳಕ್ಕೆ ಬರಿಯ ನೈಟಿ ಸಾಕು. ಗೇಟು ದಾಟಿ ಮೂಲೆಯಂಗಡಿಗೆ ಹೋಗಬೇಕಾದರೆ ಹೆಗಲಿಗೆ ಬೈರಾಸು ಬೇಕು. ಅದು ಹೆಗಲೇರಿತೆಂದರೆ ಮಾನ ಮುಚ್ಚಿತು, ಯಾರೂ ಮಾತಾಡುವಂತಿಲ್ಲ. ಬಸ್ಸು ಹತ್ತಲು ಮಾತ್ರ ಬೇರೆ ಬಟ್ಟೆ. ಸೀರೆ ಇರುವುದು ಇಗರ್ಜಿಯ ಪೂಜೆಗೆ, ಮದುವೆಗೆ, ಸಾವಿಗೆ. ನಾನು ಇದನ್ನೆಲ್ಲ ಮರೆತು ಮಂಗಳವಾರ ಬೆಳಿಗ್ಗೆ ನೇರಳೆ ಬಣ್ಣದ ಸೀರೆ ಉಟ್ಟು ಗೇಟಿನಲ್ಲಿ ನಿಂತೆ.

ಮೀನಿನ ಗಿರಿಜಕ್ಕ ಬುಟ್ಟಿ ಇಳಿಸಿದವಳೇ ಬಾಯಿಗೆ ಕೈ ಇಟ್ಟಳು. "ಎಂತ ಬಾಯಮ್ಮ, ಯಾರು ತೀರಿಕೊಂಡದ್ದು?"

"ಯಾರೂ ಸಾಯ್ಲಿಲ್ಲ ಮಾರಾಯ್ತಿ, ಬಂಗುಡೆ ಕೊಡು."

"ದುಃಖ ಒಳಗೆ ಇಟ್ಕೊಳ್ಬಾರ್ದು" ಎಂದು ಅವಳು ಚೌಕಾಸಿಯಿಲ್ಲದೆ ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು. ಇಷ್ಟು ವರ್ಷ ನಾನು ಜಗಳವಾಡಿಯೂ ಒಂದೂ ಹೆಚ್ಚಿಗೆ ಸಿಕ್ಕಿರಲಿಲ್ಲ. ಎದುರು ಮನೆಯ ಲಿಲ್ಲಿ ಹೊರಗೆ ಬಂದು, "ಆಸ್ಪತ್ರೆಗಾ? ನಾನೂ ಬರ್ತೇನೆ" ಎಂದಳು. ರಿಕ್ಷಾದವನು ತಾನಾಗಿಯೇ ನಿಲ್ಲಿಸಿ, "ಪಂಪ್‌ವೆಲ್ ಬಸ್‌ಸ್ಟ್ಯಾಂಡಿಗಾ ಬಾಯಮ್ಮ?" ಎಂದ. ಎಲ್ಲರಿಗೂ ಉತ್ತರ ಕೊಡುತ್ತಾ ಬಗ್ಗಿದಾಗ ಸೆರಗು ನೇರ ಬುಟ್ಟಿಗೆ ಬಿತ್ತು. ಮೆಟ್ಟಿಲ ಮೇಲೆ ಕೂತ ರೆನಿಟಾ ನಗುತ್ತಾ ಮುಖ ಮುಚ್ಚಿಕೊಂಡಳು. ಒಂದು ಗೆರೆ ಎಳೆದಿರಲಿಲ್ಲ.

ಶಾಪ ಹಾಕುತ್ತಾ ಸೀರೆ ಬಿಚ್ಚಿ, ಒಗೆದು, ಅಂಗಳದ ಹಗ್ಗಕ್ಕೆ ಹರವಿದೆ. ನೈಟಿ ಹಾಕಿದಾಗ ಉಸಿರು ಬಂತು. ಆ ಒದ್ದೆ ಸೀರೆಯ ಕೆಳಗೇ ಮೀನು ತೊಳೆಯಲು ಕೂತೆ. ಆಗ ಅವಳಿಗೆ ಆ ಸ್ಫೂರ್ತಿ ಎಂಬುದು ಬಂದಿತು ಕಾಣುತ್ತದೆ. "ಮಾಯ್, ಅಲುಗಾಡ್ಬೇಡಿ!" ಸೊಂಟ ಹಿಡಿಯುವವರೆಗೆ ಕೂತೆ.

ಶುಕ್ರವಾರ ಮೇಡಮ್ಮಿನ ಫೋನು. "ಸೀರೆ ಬಣ್ಣ ತುಂಬ ಚೆನ್ನಾಗಿದೆ. ಆದ್ರೆ ಅದು ಹಗ್ಗದ ಮೇಲಿದೆ. ಅಜ್ಜಿ ಇನ್ನೂ ನೈಟಿಯಲ್ಲೇ ಇದ್ದಾರಲ್ಲ?"

ರೆನಿಟಾ ಮತ್ತೆ ಉಗುರು ಬಾಯಿಗಿಟ್ಟಳು. ನಾನೇ ಫೋನು ಕಸಿದುಕೊಂಡೆ. "ಒದ್ದೆ ಸೀರೆ ಉಡ್ಲಿಕ್ಕೆ ಆಗ್ತದಾ ಅಮ್ಮಾ? ಒಣಗ್ಲಿ, ಉಡ್ತೇನೆ."

ಆ ಕಡೆಯಿಂದ ನಗು. "ಆಯ್ತಜ್ಜಿ, ಇದೇ ಇರಲಿ."

ಪುಸ್ತಕ ಬಂತು, ಮುಖಪುಟದಲ್ಲಿ ಅದೇ ಚಿತ್ರ. ಲಿಲ್ಲಿ ನೋಡಿ, ಈ ಸೀರೆ ಯಾವ ಅಂಗಡಿಯದ್ದು ಎಂದು ಕೇಳಿದಳು. ಗಿರಿಜಕ್ಕ ಇನ್ನೂ ರೇಗುತ್ತಾಳೆ: "ಬಂಗುಡೆಯ ಕಣ್ಣು ಕೆಂಪು ಮಾಡಿದ್ದೀರಿ. ನಾನು ಹಳೆ ಮೀನು ಮಾರುವವಳಾ?" ನಾನೂ ನನ್ನ ನೈಟಿಯ ಹೊಲಿಗೆ ಬಿಟ್ಟ ಜಾಗ ಕಾಣುತ್ತದೆಯೇ ಎಂದೇ ಮೊದಲು ನೋಡಿದ್ದು. ಮೂರನೆಯ ದಿನ ಕನ್ನಡಕ ಹಾಕಿ ಮುಖಪುಟವನ್ನು ಮೂಲೆ ಮೂಲೆ ಹುಡುಕಿದಾಗ ಕೆಳಗೆ ಇರುವೆಯ ಗಾತ್ರದಲ್ಲಿ ಅವಳ ಹೆಸರು ಸಿಕ್ಕಿತು. ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಅವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಇನ್ನೊಂದು ಸಲ ನನ್ನನ್ನು ಬಿಡಿಸುವಾಗ," ಎಂದೆ, "ನನ್ನ ಸೊಂಟಕ್ಕೆ ಕೊಟ್ಟ ಜಾಗದಲ್ಲಿ ಅರ್ಧ ಈ ಹೆಸರಿಗೆ ಕೊಡು."